ಸತ್ತವರ ನಡತೆ ಪತ್ರ ಕೇಳುವವರಿಗೆ

ಪೊಲೀಸರ ಗುಂಡಿಗೋ ಠಾಣೆಯ ಏಟಿಗೋ ಯಾರಾದರೂ ಸತ್ತ ಸುದ್ದಿ ಬಂದರೆ ಸಾಕು, ನಮ್ಮ ದಕ್ಷಿಣ ಬೆಂಗಳೂರಿನ ಬಡಾವಣೆಗಳಲ್ಲಿ ಒಂದೇ ಪ್ರಶ್ನೆ ಏಳುತ್ತದೆ: "ಅವನಿಗೆ ಅಲ್ಲೇನು ಕೆಲಸ ಇತ್ತು?" ಜಯನಗರದ ಪಾರ್ಕಿನ ಕಲ್ಲುಬೆಂಚಿನ ಮೇಲೆ, ಜೆ.ಪಿ. ನಗರದ ಅಪಾರ್ಟ್‌ಮೆಂಟುಗಳ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ, ಬನಶಂಕರಿಯ ದರ್ಶಿನಿಯಲ್ಲಿ ಕಾಫಿ ಲೋಟ ಹಿಡಿದು ನಿಂತವರ ನಡುವೆ ಇದನ್ನು ಕೇಳುವವರು ಕೆಟ್ಟವರಲ್ಲ. ದುಡಿದು ಮನೆ ಕಟ್ಟಿದವರು, ಮಕ್ಕಳನ್ನು ಓದಿಸಿದವರು, ಹೊತ್ತಿಗೆ ಸರಿಯಾಗಿ ತೆರಿಗೆ ಕಟ್ಟುವವರು. ಆದರೆ ಆ ಪ್ರಶ್ನೆ ಕೆಟ್ಟದ್ದು. ಕೊಂದವರು ಯಾರು, ಯಾಕೆ ಕೊಂದರು, ಕೊಲ್ಲದೆ ಇರಲು ಸಾಧ್ಯವಿತ್ತೇ ಎಂಬ ಮೂರು ಪ್ರಶ್ನೆಗಳನ್ನು ಅದು ಒಂದೇ ಏಟಿಗೆ ಬದಿಗೆ ತಳ್ಳುತ್ತದೆ. ಸತ್ತವನನ್ನು ಕಟಕಟೆಯಲ್ಲಿ ನಿಲ್ಲಿಸಿ, ಕೊಂದವರನ್ನು ಸಾಕ್ಷಿಗಳ ಜಾಗದಲ್ಲಿ ಕೂರಿಸುತ್ತದೆ. ಸರ್ಕಾರದ ಕೈಯಿಂದ ಆಗುವ ಸಾವುಗಳನ್ನು ಕರ್ನಾಟಕದಲ್ಲಿ ಇಷ್ಟು ಸಲೀಸಾಗಿ ಮರೆಯಲು ಸಾಧ್ಯವಾಗಿರುವುದು ಈ ಒಂದು ಪ್ರಶ್ನೆಯ ಬಲದಿಂದ.

ಮಂಗಳೂರಿನಿಂದಲೇ ಹೊರಡೋಣ. 2019ರ ಡಿಸೆಂಬರ್ 19. ಪೌರತ್ವ ತಿದ್ದುಪಡಿ ಕಾಯ್ದೆಗೆ ರಾಷ್ಟ್ರಪತಿಗಳ ಅಂಕಿತ ಬಿದ್ದು ಒಂದು ವಾರವಾಗಿತ್ತು. ಅಂದು ಆ ಕಾಯ್ದೆಯ ವಿರುದ್ಧದ ಪ್ರತಿಭಟನೆಯ ವೇಳೆ ಬಂದರು ಪ್ರದೇಶದ ಸುತ್ತಮುತ್ತ ಪೊಲೀಸರು ಹಾರಿಸಿದ ಗುಂಡಿಗೆ ಇಬ್ಬರು ಸತ್ತರು. ಒಬ್ಬರಿಗೆ ನಲವತ್ತೊಂಬತ್ತು, ಇನ್ನೊಬ್ಬನಿಗೆ ಇಪ್ಪತ್ಮೂರು ವರ್ಷ. ಗಾಯಾಳುಗಳನ್ನು ಸೇರಿಸಿದ್ದ ಹೈಲ್ಯಾಂಡ್ ಆಸ್ಪತ್ರೆಯ ಒಳಗೂ ಪೊಲೀಸರು ನುಗ್ಗಿದರು, ಅಲ್ಲಿ ಅಶ್ರುವಾಯು ಸಿಡಿಸಿದರು. ವಾರ್ಡಿನ ಬಾಗಿಲಿಗೆ ಅವರು ಒದೆಯುವುದನ್ನು ಸಿಸಿಟಿವಿಯಲ್ಲಿ ನಾಡೇ ನೋಡಿತು. ಮುಖ್ಯಮಂತ್ರಿ ಬಿ.ಎಸ್. ಯಡಿಯೂರಪ್ಪನವರು ಸತ್ತವರ ಕುಟುಂಬಗಳಿಗೆ ತಲಾ 10 ಲಕ್ಷ ರೂಪಾಯಿ ಪರಿಹಾರ ಘೋಷಿಸಿದರು. ಕೆಲವೇ ದಿನಗಳಲ್ಲಿ ಮಾತು ಬದಲಾಯಿತು: ತನಿಖೆ ಮುಗಿದು, ಸತ್ತವರು ಗಲಭೆಯಲ್ಲಿ ಇರಲಿಲ್ಲ ಎಂದಾಗುವವರೆಗೆ ಒಂದು ಪೈಸೆಯೂ ಇಲ್ಲ. ಅಷ್ಟರಲ್ಲಿ ಆ ಇಬ್ಬರ ಹೆಸರೂ ಎಫ್‌ಐಆರ್‌ನಲ್ಲಿ ಸೇರಿತ್ತು, ಆರೋಪಿಗಳ ಪಟ್ಟಿಯಲ್ಲಿ.

ಇದನ್ನು ಇನ್ನೊಮ್ಮೆ ಓದಿ. ಗುಂಡು ತಗುಲಿ ಶವಾಗಾರದಲ್ಲಿ ಮಲಗಿದ್ದವರು ಆರೋಪಿಗಳು. ಗುಂಡು ಹಾರಿಸಿದವರೇ ದೂರುದಾರರು. ಪರಿಹಾರ ಕೊಡಬೇಕೋ ಬೇಡವೋ ಎಂದು ತೀರ್ಮಾನಿಸಬೇಕಾದ ತನಿಖೆಯ ಮೊದಲ ಪುಟವನ್ನು ಬರೆದವರು ಅದೇ ಇಲಾಖೆಯವರು. 2020ರ ಫೆಬ್ರುವರಿಯಲ್ಲಿ, ಅಂದಿನ ಘಟನೆಯಲ್ಲಿ ಬಂಧಿತರಾಗಿದ್ದವರಿಗೆ ಜಾಮೀನು ಕೊಡುತ್ತಾ ಹೈಕೋರ್ಟಿನ ನ್ಯಾಯಮೂರ್ತಿ ಜಾನ್ ಮೈಕಲ್ ಕುನ್ಹಾ ಅವರು, ಪೊಲೀಸರು ತಮ್ಮ ಅತಿರೇಕವನ್ನು ಮುಚ್ಚಿಕೊಳ್ಳಲು ಅಮಾಯಕರನ್ನು ಸಿಕ್ಕಿಸಿದಂತೆ ಕಾಣುತ್ತದೆ ಎಂಬರ್ಥದ ಮಾತು ದಾಖಲಿಸಿದರು. ಮಾರ್ಚಿನಲ್ಲಿ ಸುಪ್ರೀಂ ಕೋರ್ಟು ಆ ಆದೇಶಕ್ಕೆ ತಡೆ ಕೊಟ್ಟಿತು. ಸೆಪ್ಟೆಂಬರಿನಲ್ಲಿ ಅದೇ ಕೋರ್ಟು ಆ ಬಂಧಿತರಿಗೆ ಜಾಮೀನು ಕೊಟ್ಟಿತು. ಈ ಒಂಬತ್ತು ತಿಂಗಳಲ್ಲಿ ನಮ್ಮ ಬಡಾವಣೆಗಳ ಯಾರೊಬ್ಬರಾದರೂ ಆ ಎರಡು ಮನೆಗಳಲ್ಲಿ ಒಲೆ ಹೇಗೆ ಉರಿಯುತ್ತಿದೆ ಎಂದು ಕೇಳಿದರೇ?

"144 ಸೆಕ್ಷನ್ ಜಾರಿಯಲ್ಲಿದ್ದಾಗ ಬೀದಿಗೆ ಯಾಕೆ ಬರಬೇಕಿತ್ತು?" ಎಂಬುದು ಆಗ ಕೇಳಿದ ಇನ್ನೊಂದು ಮಾತು. ಅದೇ ದಿನಗಳಲ್ಲಿ ಬೆಂಗಳೂರಿಗೂ 144 ಹೇರಲಾಗಿತ್ತು. ಪುರಭವನದ ಬಳಿ ಇತಿಹಾಸಕಾರ ರಾಮಚಂದ್ರ ಗುಹಾ ಅವರನ್ನು ಪೊಲೀಸರು ಎಳೆದೊಯ್ದಿದ್ದನ್ನು ಟಿವಿಯಲ್ಲಿ ಕಂಡಿದ್ದೇವೆ. ಆ ನಿಷೇಧಾಜ್ಞೆಯನ್ನು ಪ್ರಶ್ನಿಸಿ ಹೈಕೋರ್ಟಿಗೆ ಹೋದವರಲ್ಲಿ ನಮ್ಮದೇ ಜಯನಗರದ ಆಗಿನ ಶಾಸಕಿ ಸೌಮ್ಯಾ ರೆಡ್ಡಿ ಒಬ್ಬರು. 2020ರ ಫೆಬ್ರುವರಿ 13ರಂದು ಕೋರ್ಟು ಬೆಂಗಳೂರಿನ ಆ ಆದೇಶವೇ ಕಾನೂನುಬಾಹಿರ ಎಂದು ಹೇಳಿತು. ಅಂದರೆ ರಾಜಧಾನಿಯಲ್ಲಿ ಬೀದಿಗೆ ಬಂದವರು ಕಾನೂನು ಮುರಿದಿರಲಿಲ್ಲ, ಬರಬೇಡಿ ಎಂದವರು ಮುರಿದಿದ್ದರು. ಆ ತೀರ್ಪು ಬಂದ ಮೇಲಾದರೂ ನಮ್ಮ ಪಾರ್ಕುಗಳಲ್ಲಿ ಪ್ರಶ್ನೆ ಬದಲಾಗಬೇಕಿತ್ತು. ಬದಲಾಗಲಿಲ್ಲ.

ಬದಲಾಗದಿರಲು ಕಾರಣವೂ ಇಲ್ಲೇ ಇದೆ. ಮಂಗಳೂರಿನ ಗೋಲಿಬಾರ್ ಆಗಿ ಮೂರೇ ದಿನಕ್ಕೆ, ಡಿಸೆಂಬರ್ 22ರಂದು, ಬೆಂಗಳೂರಿನ ಪುರಭವನದ ಮುಂದೆ ಪೌರತ್ವ ಕಾಯ್ದೆಯ ಪರವಾಗಿ ಸಭೆ ನಡೆಯಿತು. ಅಲ್ಲಿ ನಮ್ಮ ಬೆಂಗಳೂರು ದಕ್ಷಿಣದ ಸಂಸದ ತೇಜಸ್ವಿ ಸೂರ್ಯ ಅವರು ಕಾಯ್ದೆಯನ್ನು ವಿರೋಧಿಸುವವರು ಅಕ್ಷರ ಬಾರದವರು, ಪಂಕ್ಚರ್ ಹಾಕುವವರು ಎಂದು ಹೇಳಿದರು. ಎರಡು ಹೆಣಗಳ ಮಣ್ಣು ಆರಿರಲಿಲ್ಲ. ಪಂಕ್ಚರ್ ಹಾಕುವವನ ಮಾತಿಗೆ ಬೆಲೆಯಿಲ್ಲ ಎಂದರೆ ಅವನ ಜೀವಕ್ಕೂ ಬೆಲೆಯಿಲ್ಲ ಎಂದು ಹೇಳಿದಂತೆಯೇ ಆಯಿತು. ಗುರಪ್ಪನಪಾಳ್ಯದಲ್ಲಿ, ತಿಲಕನಗರದಲ್ಲಿ, ಯಾರಬ್‌ನಗರದಲ್ಲಿ ಬೆಳಗಿನಿಂದ ರಾತ್ರಿಯವರೆಗೆ ನಮ್ಮ ಸ್ಕೂಟರುಗಳ ಚಕ್ರ ಬಿಚ್ಚಿ ಕೂರುವ ಹುಡುಗರು ಈ ಕ್ಷೇತ್ರದ ಮತದಾರರೇ. ಅವರ ಸಂಸದರೂ ಇವರೇ.

ಈಗ ನರಗುಂದಕ್ಕೆ ಬನ್ನಿ. 1980ರ ಜುಲೈ 21. ಮಲಪ್ರಭಾ ಅಚ್ಚುಕಟ್ಟಿನ ರೈತರು ಅಭಿವೃದ್ಧಿ ಕರ, ನೀರಿನ ಕರಗಳ ವಿರುದ್ಧ ಎದ್ದಾಗ ನರಗುಂದ, ನವಲಗುಂದಗಳಲ್ಲಿ ಗೋಲಿಬಾರ್ ಆಯಿತು. ರೈತರು ಸತ್ತರು. ಆ ದಿನದ ಗಲಭೆಯಲ್ಲಿ ಪೊಲೀಸ್ ಸಿಬ್ಬಂದಿಯೂ ಜೀವ ಕಳೆದುಕೊಂಡರು. ಆದರೂ ಇಂದಿಗೂ ಜುಲೈ 21 ಈ ನಾಡಿಗೆ ರೈತ ಹುತಾತ್ಮರ ದಿನ. ಎಲ್ಲ ಪಕ್ಷಗಳ ನಾಯಕರೂ ಅಲ್ಲಿಗೆ ಹೋಗಿ ಹೂವಿಟ್ಟು ಬರುತ್ತಾರೆ. ಸತ್ತ ರೈತನ ಕೈಯಲ್ಲಿ ಕಲ್ಲಿತ್ತೇ ಎಂದು ಅವರಲ್ಲಿ ಯಾರೂ ಕೇಳುವುದಿಲ್ಲ. ಕೇಳಬಾರದು ಕೂಡ. ಅನ್ಯಾಯದ ಕರದ ವಿರುದ್ಧ ಎದ್ದವರನ್ನು ಸರ್ಕಾರ ಗುಂಡಿಟ್ಟು ಕೊಂದಿತು, ಅಷ್ಟು ಸಾಕು. 2008ರ ಜೂನ್ 10ರಂದು ಹಾವೇರಿಯಲ್ಲಿ ಗೊಬ್ಬರ ಕೇಳಲು ನಿಂತ ರೈತರ ಮೇಲೆ ಗುಂಡು ಹಾರಿತು, ಇಬ್ಬರು ಸತ್ತರು. ರೈತರ ಹೆಸರಿನಲ್ಲಿ ಪ್ರಮಾಣ ವಚನ ಸ್ವೀಕರಿಸಿ ಎರಡು ವಾರವೂ ಆಗದ ಯಡಿಯೂರಪ್ಪನವರ ಮೊದಲ ಪೂರ್ಣ ಸರ್ಕಾರ ಅದು. ಆಗಲೂ ನಾಡು ಸತ್ತವರ ಪರವಾಗಿ ಸಿಟ್ಟಾಯಿತು.

ಹಾಗಿದ್ದರೆ ನರಗುಂದಕ್ಕೆ ಒಂದು ಅಳತೆ, ಮಂಗಳೂರಿಗೆ ಇನ್ನೊಂದು ಅಳತೆ ಯಾಕೆ? ಎರಡೂ ಕಡೆ ಸರ್ಕಾರದ ನಿರ್ಧಾರದ ವಿರುದ್ಧ ಜನ ಎದ್ದಿದ್ದರು. ಎರಡೂ ಕಡೆ ಪೊಲೀಸರು ಗುಂಡು ಹಾರಿಸಿದರು. ನರಗುಂದದಲ್ಲಿ ಹೋದದ್ದು ನಮ್ಮವರ ಜೀವ ಎಂದು ನಮಗೆ ಅನ್ನಿಸಿತು, ಮಂಗಳೂರಿನಲ್ಲಿ ಅನ್ನಿಸಲಿಲ್ಲ. ಇದಕ್ಕಿಂತ ಬೇರೆ ಕಾರಣ ಯಾರಿಗಾದರೂ ಗೊತ್ತಿದ್ದರೆ ಹೇಳಲಿ. ಸತ್ತವನು ಅಮಾಯಕನಾಗಿದ್ದರೆ ಮಾತ್ರ ದುಃಖಪಡುತ್ತೇವೆ ಎಂಬುದು ಸುಳ್ಳು. ಯಾರು ನಮ್ಮವರು ಎಂದು ಮೊದಲೇ ತೀರ್ಮಾನಿಸಿಕೊಂಡು, ಆಮೇಲೆ ಅವರಿಗಷ್ಟೇ ಅಮಾಯಕತೆಯನ್ನು ಹಂಚುತ್ತಿದ್ದೇವೆ.

ಸರ್ಕಾರಗಳು ಹೆಣ ಎಣಿಸುವಾಗ ಕೈ ಬಿಗಿ ಹಿಡಿಯುವುದು ಹೊಸದಲ್ಲ. 1938ರ ಏಪ್ರಿಲ್ 25ರಂದು ಗೌರಿಬಿದನೂರಿನ ಪಕ್ಕದ ವಿದುರಾಶ್ವತ್ಥದಲ್ಲಿ ಧ್ವಜ ಹಾರಿಸಲು ಸೇರಿದ್ದ ಜನರ ಮೇಲೆ ಮೈಸೂರು ಸಂಸ್ಥಾನದ ಪೊಲೀಸರು ಗುಂಡು ಹಾರಿಸಿದರು. ಸರ್ಕಾರದ ಲೆಕ್ಕದಲ್ಲಿ ಸತ್ತವರು ಹತ್ತರ ಆಸುಪಾಸು, ಜನರ ಲೆಕ್ಕದಲ್ಲಿ ಮೂವತ್ತೆರಡು. ಆವತ್ತಿನ ಸರ್ಕಾರಕ್ಕೆ ಅವರೂ ನಿಷೇಧಾಜ್ಞೆ ಮುರಿದ ಪುಂಡರು. ಇಂದು ಅಲ್ಲಿ ವೀರಸೌಧವಿದೆ, ಶಾಲೆಯ ಮಕ್ಕಳನ್ನು ಬಸ್ಸಿನಲ್ಲಿ ಕರೆದೊಯ್ಯುತ್ತೇವೆ. ವಿದುರಾಶ್ವತ್ಥದಲ್ಲಿ ಸರ್ಕಾರದ ಲೆಕ್ಕವನ್ನು ನಂಬದೆ ಜನರ ಲೆಕ್ಕವನ್ನು ನಂಬಿದವರು ನಾವೇ. ಬಂದರು ಪ್ರದೇಶದಲ್ಲಿ ಮಾತ್ರ ಪೊಲೀಸರ ಎಫ್‌ಐಆರ್ ನಮಗೆ ವೇದವಾಕ್ಯವಾಯಿತು.

ದಕ್ಷಿಣ ಕನ್ನಡದಲ್ಲೇ 2022ರ ಜುಲೈನಲ್ಲಿ ಹತ್ತೇ ದಿನಗಳ ಅಂತರದಲ್ಲಿ ಮೂವರು ಯುವಕರ ಕೊಲೆಯಾಯಿತು. ಬೆಳ್ಳಾರೆಯ ಒಬ್ಬ ಮುಸ್ಲಿಂ ಹುಡುಗ, ಅದೇ ಬೆಳ್ಳಾರೆಯಲ್ಲಿ ಬಿಜೆಪಿ ಯುವ ಮೋರ್ಚಾದ ಮುಖಂಡ, ಬಳಿಕ ಸುರತ್ಕಲ್‌ನಲ್ಲಿ ಇನ್ನೊಬ್ಬ ಮುಸ್ಲಿಂ ಯುವಕ. ಆಗಿನ ಮುಖ್ಯಮಂತ್ರಿ ಬಸವರಾಜ ಬೊಮ್ಮಾಯಿ ಅವರು ಮೂರರಲ್ಲಿ ಒಂದು ಮನೆಗೆ ಮಾತ್ರ ಹೋದರು. ಸರ್ಕಾರದ 25 ಲಕ್ಷ ಸಿಕ್ಕಿದ್ದೂ ಆ ಮನೆಗೆ. ಆ ಮನೆಗೆ ಹೋದದ್ದು ಸರಿ. ಆ ತಾಯಿಯ ಕಣ್ಣೀರು ಕಣ್ಣೀರೇ. ಉಳಿದ ಇಬ್ಬರು ತಾಯಂದಿರು ಯಾವ ರಾಜ್ಯದ ಪ್ರಜೆಗಳು? 2023ರ ಜೂನ್‌ನಲ್ಲಿ ಸಿದ್ದರಾಮಯ್ಯನವರ ಸರ್ಕಾರ ಈ ತಾರತಮ್ಯ ಸರಿಪಡಿಸುತ್ತೇವೆಂದು ಕೋಮು ದ್ವೇಷಕ್ಕೆ ಬಲಿಯಾದವರ ಕುಟುಂಬಗಳಿಗೆ ತಲಾ 25 ಲಕ್ಷದ ಚೆಕ್ ಕೊಟ್ಟಿತು. ಒಳ್ಳೆಯದೇ ಆಯಿತು. ಆದರೆ ಅಂದು ಚೆಕ್ ಪಡೆದವರಲ್ಲಿ ಮಂಗಳೂರು ಗೋಲಿಬಾರಿನ ಎರಡು ಕುಟುಂಬಗಳು ಇರಲಿಲ್ಲ. ಕೋಮು ದ್ವೇಷದ ಕೊಲೆಗಾರರಿಗೆ ಬಲಿಯಾದವರ ಮನೆಯವರನ್ನು ಸಂತೈಸಲು ಸರ್ಕಾರಕ್ಕೆ ಧೈರ್ಯ ಬಂದರೂ ತನ್ನ ಸಮವಸ್ತ್ರದವರಿಗೆ ಬಲಿಯಾದವರ ಮನೆಯವರನ್ನು ಅದೇ ಸಾಲಿನಲ್ಲಿ ನಿಲ್ಲಿಸಲು ಬರುವುದಿಲ್ಲ. ಪಕ್ಷ ಬದಲಾದರೂ ಈ ಅಂಜಿಕೆ ಬದಲಾಗಿಲ್ಲ.

ಪರಿಹಾರವೆಂದರೆ ಮುಖ್ಯಮಂತ್ರಿಗಳ ಮನಸ್ಸು ಕರಗಿದಾಗ ಬೀಳುವ ಭಿಕ್ಷೆಯಲ್ಲ. ಒಡಿಶಾದ ನೀಲಾಬತಿ ಬೆಹೆರಾ ಎಂಬ ತಾಯಿ, ಪೊಲೀಸರು ಹಿಡಿದೊಯ್ದ ಮಗ ಮರುದಿನ ರೈಲು ಹಳಿಯ ಮೇಲೆ ಹೆಣವಾಗಿ ಸಿಕ್ಕಾಗ ಸುಪ್ರೀಂ ಕೋರ್ಟಿಗೆ ಪತ್ರ ಬರೆದಳು. ಸರ್ಕಾರದ ವಶದಲ್ಲಿ ಜೀವ ಹೋದರೆ ಪರಿಹಾರ ಪಡೆಯುವುದು ಸಂವಿಧಾನ ಕೊಟ್ಟ ಹಕ್ಕಿನ ಭಾಗ ಎಂದು 1993ರಲ್ಲಿ ಕೋರ್ಟು ಹೇಳಿತು. ಪೊಲೀಸ್ ಎನ್‌ಕೌಂಟರಿನಲ್ಲಿ ಸಾವು ಸಂಭವಿಸಿದರೆ ಎಫ್‌ಐಆರ್ ದಾಖಲಾಗಲೇಬೇಕು, ತನಿಖೆಯನ್ನು ಸಿಐಡಿ ಅಥವಾ ಬೇರೆ ಠಾಣೆಯ ಪೊಲೀಸರು ನಡೆಸಬೇಕು ಎಂದು 2014ರಲ್ಲಿ, ನಾಗರಿಕ ಹಕ್ಕುಗಳ ಸಂಘಟನೆ ಪಿಯುಸಿಎಲ್ ಹೂಡಿದ್ದ ಪ್ರಕರಣದಲ್ಲಿ, ಅದೇ ಕೋರ್ಟಿನ ತೀರ್ಪು ಬಂತು. ಇವೆಲ್ಲ ಈ ದೇಶದ ಕಾನೂನು. ಸತ್ತವನ ನಡತೆ ಚೆನ್ನಾಗಿದ್ದರೆ ಮಾತ್ರ ಅನ್ವಯಿಸುತ್ತವೆ ಎಂದು ಅವುಗಳಲ್ಲಿ ಎಲ್ಲೂ ಬರೆದಿಲ್ಲ.

ಜಯನಗರಕ್ಕೇ ಮರಳೋಣ, ಆದರೆ ಚಾಮರಾಜನಗರದ ದಾರಿಯಾಗಿ. 2021ರ ಮೇ 2ರ ರಾತ್ರಿಯಿಂದ 3ರ ಬೆಳಗಿನ ನಡುವೆ ಚಾಮರಾಜನಗರದ ಜಿಲ್ಲಾ ಆಸ್ಪತ್ರೆಯಲ್ಲಿ ಆಮ್ಲಜನಕ ಮುಗಿಯಿತು. ಒಂದೇ ದಿನದಲ್ಲಿ 24 ರೋಗಿಗಳು ಸತ್ತರು. ಆರೋಗ್ಯ ಸಚಿವರು ಆಮ್ಲಜನಕದ ಕೊರತೆಯಿಂದ ಸತ್ತವರು ಮೂರೇ ಜನ ಎಂದರು. ಉಳಿದವರು ಬೇರೆ ಕಾಯಿಲೆಯಿಂದ ಸತ್ತರಂತೆ. ಉಸಿರುಗಟ್ಟಿ ಒದ್ದಾಡಿದವರ ಜೊತೆ ಇಡೀ ರಾತ್ರಿ ಇದ್ದು, ಫೋನಿನಲ್ಲಿ ಸಿಲಿಂಡರಿಗಾಗಿ ಅಂಗಲಾಚಿದ ಮನೆಯವರ ಮಾತಿಗೆ ಈ ಲೆಕ್ಕದಲ್ಲಿ ಜಾಗವಿರಲಿಲ್ಲ. ನಾಡು ಅಂದು ಕೇಳಬೇಕಿದ್ದ ಪ್ರಶ್ನೆ ಒಂದೇ: ಈ 24 ಜನರನ್ನು ಕೊಂದವರು ಯಾರು?

ಮರುದಿನ, ಮೇ 4ರಂದು, ಜಯನಗರದಲ್ಲಿದ್ದ ಬಿಬಿಎಂಪಿ ದಕ್ಷಿಣ ವಲಯದ ಕೋವಿಡ್ ವಾರ್ ರೂಮಿಗೆ ಸಂಸದ ತೇಜಸ್ವಿ ಸೂರ್ಯ, ಶಾಸಕರಾದ ರವಿ ಸುಬ್ರಹ್ಮಣ್ಯ, ಸತೀಶ್ ರೆಡ್ಡಿ, ಉದಯ ಗರುಡಾಚಾರ್ ನುಗ್ಗಿದರು. ಹಾಸಿಗೆ ಹಂಚಿಕೆಯಲ್ಲಿ ಹಗರಣ ನಡೆದಿದೆ ಎಂಬುದು ಅವರ ಆರೋಪ. ಅಲ್ಲಿ ದುಡಿಯುತ್ತಿದ್ದವರು ಸುಮಾರು ಇನ್ನೂರು ಜನ. ಕ್ಯಾಮೆರಾದ ಮುಂದೆ ಸಂಸದರು ಓದಿದ್ದು ಅವರಲ್ಲಿ ಮುಸ್ಲಿಮರ ಹೆಸರುಗಳನ್ನು ಮಾತ್ರ, ಒಂದೊಂದಾಗಿ. ಇದೇನು ಮದರಸಾಕ್ಕೆ ನೇಮಕಾತಿಯೇ ಎಂಬರ್ಥದ ಪ್ರಶ್ನೆ ಶಾಸಕರೊಬ್ಬರಿಂದ ಬಂತು. ಆ ಹುಡುಗರು ಗುತ್ತಿಗೆಯ ಮೇಲೆ, ಸಣ್ಣ ಸಂಬಳಕ್ಕೆ, ರಾತ್ರಿ ಹಗಲು ಫೋನ್ ಹಿಡಿದು ನಮ್ಮಂಥವರ ಮನೆಯ ರೋಗಿಗಳಿಗೆ ಹಾಸಿಗೆ ಹುಡುಕುತ್ತಿದ್ದರು. ವಿಡಿಯೊ ಊರೆಲ್ಲ ಸುತ್ತಿತು, ಅವರ ಹೆಸರುಗಳು ಮೊಬೈಲಿನಿಂದ ಮೊಬೈಲಿಗೆ ಹರಿದವು, ಅವರನ್ನು ಕೆಲಸದಿಂದ ದೂರ ಇಟ್ಟರು, ಪೊಲೀಸರು ವಿಚಾರಣೆ ಮಾಡಿದರು. ಹಗರಣದ ಜೊತೆ ಅವರ ನಂಟು ಸಿಗಲಿಲ್ಲ. ಕೊನೆಗೆ ಸಿಸಿಬಿ ಬಂಧಿಸಿದವರಲ್ಲಿ ಆ ತಂಡದಲ್ಲಿದ್ದ ಶಾಸಕರೊಬ್ಬರ ಆಪ್ತನೇ ಇದ್ದ.

ಆ ಇಪ್ಪತ್ತನಾಲ್ಕು ಗಂಟೆಯಲ್ಲಿ ಆದದ್ದನ್ನು ಗಮನಿಸಿ. ಚಾಮರಾಜನಗರದ ಬಡ ರೋಗಿಗಳ ಸಾವಿನ ಮೇಲಿದ್ದ ಕಣ್ಣು ಜಯನಗರದ ಬಡ ನೌಕರರ ಹೆಸರಿನ ಮೇಲೆ ಬಿತ್ತು. ಜನರ ಸಿಟ್ಟು ಸರ್ಕಾರದ ಕಡೆಗೆ ಹರಿಯಬೇಕಿದ್ದ ಹೊತ್ತಿನಲ್ಲಿ ಅದಕ್ಕೆ ಬೇರೆ ಕಾಲುವೆ ತೋಡಲಾಯಿತು. ಆ ಕಾಲುವೆ ತೋಡಿದ್ದು ನಮ್ಮ ಪ್ರತಿನಿಧಿಗಳು, ನಮ್ಮ ಬಡಾವಣೆಯಲ್ಲಿ, ನಮ್ಮ ಹೆಸರಿನಲ್ಲಿ. ನಾವು ಆ ವಿಡಿಯೊವನ್ನು ಮುಂದಕ್ಕೆ ಕಳಿಸಿದೆವು. ಎರಡೂವರೆ ತಿಂಗಳ ನಂತರ, ಜುಲೈ 20ರಂದು, ಆಮ್ಲಜನಕದ ಕೊರತೆಯಿಂದ ಸತ್ತವರ ನಿರ್ದಿಷ್ಟ ವರದಿ ಯಾವ ರಾಜ್ಯದಿಂದಲೂ ಬಂದಿಲ್ಲ ಎಂದು ಕೇಂದ್ರ ಸರ್ಕಾರ ರಾಜ್ಯಸಭೆಗೆ ತಿಳಿಸಿತು. ಚಾಮರಾಜನಗರ ದೇಶದ ಭೂಪಟದಿಂದಲೇ ಮಾಯವಾಯಿತು.

ಅದೇ ತಿಂಗಳು, ಅದೇ ಸದನದಲ್ಲಿ, ಇನ್ನೊಂದು ಉತ್ತರವೂ ಬಂತು. ಮಲ ಹೊರುವ ಕೆಲಸದಿಂದ ಯಾರೂ ಸತ್ತ ವರದಿಯಿಲ್ಲ. ಚರಂಡಿ, ಸೆಪ್ಟಿಕ್ ಟ್ಯಾಂಕಿಗೆ ಇಳಿದು ಸತ್ತವರನ್ನು "ಅಪಾಯಕಾರಿ ಶುಚಿಗೊಳಿಸುವಿಕೆ" ಎಂಬ ಬೇರೆ ಖಾತೆಗೆ ಹಾಕಿ, ಮೊದಲ ಖಾತೆಯಲ್ಲಿ ಸೊನ್ನೆ ಬರೆದರು. 2017ರ ಮಾರ್ಚಿನಲ್ಲಿ ನಮ್ಮ ನಗರದ ಕಗ್ಗದಾಸಪುರದ ಮ್ಯಾನ್‌ಹೋಲಿನಲ್ಲಿ ಮೂವರು ಸತ್ತರು. 2018ರ ಜನವರಿಯಲ್ಲಿ ಎಚ್‌ಎಸ್‌ಆರ್ ಲೇಔಟಿನ ಪಕ್ಕದ ಸೋಮಸುಂದರಪಾಳ್ಯದಲ್ಲಿ ಅಪಾರ್ಟ್‌ಮೆಂಟಿನ ಕೊಳಚೆ ಶುದ್ಧೀಕರಣ ಘಟಕಕ್ಕೆ ಇಳಿದ ಮೂವರು ಸತ್ತರು. ಮನುಷ್ಯರನ್ನು ಗುಂಡಿಗೆ ಇಳಿಸುವುದು 2013ರ ಕಾಯ್ದೆಯ ಪ್ರಕಾರ ಅಪರಾಧ. ಇಳಿದು ಸತ್ತರೆ ಕುಟುಂಬಕ್ಕೆ 10 ಲಕ್ಷ ಕೊಡಬೇಕೆಂದು 2014ರಲ್ಲಿ, 30 ಲಕ್ಷ ಕೊಡಬೇಕೆಂದು 2023ರಲ್ಲಿ ಸುಪ್ರೀಂ ಕೋರ್ಟು ಆದೇಶಿಸಿದೆ. ಇಷ್ಟಾದರೂ ಇಳಿಸುವವರು ಯಾರು? ಜಲಮಂಡಳಿಯ ಗುತ್ತಿಗೆದಾರರು ಮಾತ್ರವಲ್ಲ, ನಮ್ಮ ಅಪಾರ್ಟ್‌ಮೆಂಟಿನ ಸಂಘಗಳೂ ಹೌದು. ಇಳಿಯುವವರು ಬಹುತೇಕ ದಲಿತರು. ಅವರ ಸಾವಿಗೆ ಗೋಲಿಬಾರ್ ಬೇಕಿಲ್ಲ, ಜಾತಿಯೊಂದೇ ಸಾಕು. "ಅವನಿಗೆ ಅಲ್ಲೇನು ಕೆಲಸ ಇತ್ತು" ಎಂದು ಇಲ್ಲಿ ಕೇಳಿ ನೋಡೋಣ. ಅವನು ಇಳಿದದ್ದು ನಮ್ಮ ಮಲ ತೆಗೆಯುವುದಕ್ಕೆ.

ತುಮಕೂರಿನ ಒಂದು ಸಾವನ್ನು ನಾನು ಎಷ್ಟು ಪ್ರಯತ್ನಿಸಿದರೂ ಬದಿಗಿಡಲಾರೆ. 2022ರ ನವೆಂಬರ್ ಮೊದಲ ವಾರ. ತಮಿಳುನಾಡಿನಿಂದ ದುಡಿಮೆಗೆಂದು ಬಂದಿದ್ದ ತುಂಬು ಗರ್ಭಿಣಿಗೆ ರಾತ್ರಿ ಹೆರಿಗೆ ನೋವು ಬಂತು. ನೆರೆಯವರು ದುಡ್ಡು ಕೂಡಿಸಿ ಆಟೋದಲ್ಲಿ ಜಿಲ್ಲಾ ಆಸ್ಪತ್ರೆಗೆ ಕಳಿಸಿದರು. ಅಲ್ಲಿ ಕೇಳಿದ್ದು ತಾಯಿ ಕಾರ್ಡ್, ಆಧಾರ್. ಅವಳ ಬಳಿ ಎರಡೂ ಇರಲಿಲ್ಲ. ಬೆಂಗಳೂರಿಗೆ ಹೋಗಿ ಎಂದು ಕಳಿಸಿದರು. ಹೋಗಲು ಅವಳಲ್ಲಿ ಏನಿತ್ತು? ಮನೆಗೆ ಮರಳಿದಳು. ಹೊಟ್ಟೆಯಲ್ಲಿದ್ದುದು ಅವಳಿ ಮಕ್ಕಳು. ಬೆಳಗಾಗುವಷ್ಟರಲ್ಲಿ ತಾಯಿ, ಎರಡು ಶಿಶುಗಳು, ಮೂವರೂ ಹೋದರು. ಉಳಿದವಳು ಅವಳ ಮೊದಲ ಮಗಳೊಬ್ಬಳೇ. ಕೆಲವರ ಅಮಾನತು ಆಯಿತು, ವಿಷಯ ಅಲ್ಲಿಗೆ ನಿಂತಿತು.

ಈ ಸಾವನ್ನು ಯಾವ ಒಂದು ಕಾರಣಕ್ಕೆ ಕಟ್ಟುತ್ತೀರಿ? ಅವಳು ಹೆಂಗಸಾದ್ದರಿಂದ ಹೆರಿಗೆಯ ಅಪಾಯ ಅವಳದಾಯಿತು. ಬಡವಳಾದ್ದರಿಂದ ಖಾಸಗಿ ಆಸ್ಪತ್ರೆಯ ಬಾಗಿಲು ಮೊದಲೇ ಮುಚ್ಚಿತ್ತು. ಹೊರಗಿನವಳಾದ್ದರಿಂದ ಕಾರ್ಡಿರಲಿಲ್ಲ, ಇಲ್ಲಿನ ಭಾಷೆಯಲ್ಲಿ ಜಗಳ ಮಾಡುವ ಬಲವೂ ಇರಲಿಲ್ಲ. ಇವು ಒಂದರ ಪಕ್ಕ ಒಂದು ಇಟ್ಟ ಕಾರಣಗಳಲ್ಲ, ಒಂದರೊಳಗೊಂದು ಹೆಣೆದುಕೊಂಡು ಅವಳ ಕುತ್ತಿಗೆಗೆ ಬಿಗಿದವು. ಇದನ್ನು ಹೇಳಿದಾಗಲೆಲ್ಲ ನಮ್ಮ ವಿದ್ಯಾವಂತರು ಮುಖ ಸಿಂಡರಿಸಿ, "ಎಲ್ಲದಕ್ಕೂ ಜಾತಿ, ಧರ್ಮ, ಹೆಣ್ಣು-ಗಂಡು ತರಬೇಡಿ, ಸಾವು ಸಾವೇ" ಎನ್ನುತ್ತಾರೆ. ಕೇಳಲು ಬಹಳ ಉದಾರವಾದ ಮಾತು. ಸಾವು ಸಾವೇ ಆಗಿದ್ದರೆ ಈ ನಾಡಿನ ಎಷ್ಟೋ ಹಳ್ಳಿಗಳಲ್ಲಿ ದಲಿತರ ಹೆಣ ಹೂಳಲು ಜಾಗವಿಲ್ಲದೆ, ಪ್ರತಿ ಊರಿಗೂ ಸ್ಮಶಾನ ಕೊಡಿ ಎಂದು ಹೈಕೋರ್ಟು 2019ರಲ್ಲಿ ಸರ್ಕಾರಕ್ಕೆ ಆದೇಶಿಸಬೇಕಾಗಿ ಬರುತ್ತಿರಲಿಲ್ಲ. 2000ದ ಮಾರ್ಚಿನಲ್ಲಿ ಕಂಬಾಲಪಲ್ಲಿಯಲ್ಲಿ ಏಳು ದಲಿತರನ್ನು ಸುಟ್ಟು ಕೊಂದ ಪ್ರಕರಣದಲ್ಲಿ ಆರೋಪಿಗಳೆಲ್ಲ ಖುಲಾಸೆಯಾಗುತ್ತಿರಲಿಲ್ಲ.

ಬನಶಂಕರಿಯವರಿಗೆ ಒಂದು ಹಳೆಯ ಘಟನೆ ನೆನಪಿಸುತ್ತೇನೆ. 2008ರ ಅಕ್ಟೋಬರ್ 20ರಂದು ಗಿರಿನಗರದ ಪೊಲೀಸರು ಐವರು ಹಿಜ್ರಾಗಳನ್ನು ಹಿಡಿದೊಯ್ದರು. ವಿಚಾರಿಸಲು ಹೋದ ಸಂಗಮ ಸಂಸ್ಥೆಯ ಕಾರ್ಯಕರ್ತರಿಗೂ ಏಟು ಬಿತ್ತು. ಬನಶಂಕರಿ ಠಾಣೆಯ ಮುಂದೆ ಶಾಂತವಾಗಿ ಸೇರಿದ್ದವರಲ್ಲಿ ಮೂವತ್ತಕ್ಕೂ ಹೆಚ್ಚು ಜನರ ಬಂಧನವಾಯಿತು. ನಂತರ 2011ರಲ್ಲಿ ಕರ್ನಾಟಕ ಪೊಲೀಸ್ ಕಾಯ್ದೆಗೆ 36ಎ ಸೇರಿಸಿ, ಹಿಜ್ರಾಗಳ ಹೆಸರು-ವಿಳಾಸಗಳ ಪಟ್ಟಿಯಿಟ್ಟು ಅವರ ಮೇಲೆ ಕಣ್ಣಿಡುವ ಅಧಿಕಾರವನ್ನು ಪೊಲೀಸರಿಗೆ ಕೊಟ್ಟರು. ಹುಟ್ಟಿನಿಂದಲೇ ಶಂಕಿತರು ಎಂದು ಬ್ರಿಟಿಷರು 1871ರ ತಮ್ಮ ಕಾಯ್ದೆಯಲ್ಲಿ ಬರೆದದ್ದನ್ನು ನಾವು ಸ್ವತಂತ್ರ ಭಾರತದ ವಿಧಾನಸೌಧದಲ್ಲಿ ಮತ್ತೆ ಬರೆದೆವು. ಕೋರ್ಟಿನ ಮೆಟ್ಟಿಲು ಹತ್ತಿದ ಮೇಲಷ್ಟೇ ಸರ್ಕಾರ ತಿದ್ದಿಕೊಂಡಿತು. ಬದುಕಿದ್ದಾಗ ಪಟ್ಟಿಯಲ್ಲಿರುವವರು ಸತ್ತಾಗ ಲೆಕ್ಕದಲ್ಲಿರುವುದಿಲ್ಲ.

ತುಮಕೂರಿನ ಆಸ್ಪತ್ರೆಯಲ್ಲಿ ಕಂಡ, ಕಾಗದ ಕೇಳುವ ಗೀಳು ಎಲ್ಲಿಗೆ ಒಯ್ಯುತ್ತದೆ ಎಂದೂ ಬೆಂಗಳೂರು ನೋಡಿದೆ. 2020ರ ಜನವರಿಯಲ್ಲಿ ಬೆಳ್ಳಂದೂರಿನ ಹತ್ತಿರ ಕರಿಯಮ್ಮನ ಅಗ್ರಹಾರದಲ್ಲಿ ಅಕ್ರಮ ಬಾಂಗ್ಲಾದೇಶಿಗಳು ಎಂಬ ಹಣೆಪಟ್ಟಿ ಕಟ್ಟಿ ಗುಡಿಸಲುಗಳನ್ನು ಕೆಡವಿದರು. ಅಲ್ಲಿದ್ದವರಲ್ಲಿ ಅಸ್ಸಾಂ, ತ್ರಿಪುರಾದವರ ಜೊತೆಗೆ ಉತ್ತರ ಕರ್ನಾಟಕದ ಕನ್ನಡದವರೂ ಇದ್ದರು. ನೆಲಮಂಗಲದ ಸಮೀಪ ಸೊಂಡೆಕೊಪ್ಪದಲ್ಲಿ ಸಮಾಜ ಕಲ್ಯಾಣ ಇಲಾಖೆಯ ವಿದ್ಯಾರ್ಥಿನಿಲಯದ ಕಟ್ಟಡವೇ ವಿದೇಶಿಯರ ಬಂಧನ ಕೇಂದ್ರವಾಯಿತು. ಬಡ ಮಕ್ಕಳು ಓದಲು ಕಟ್ಟಿದ ಕೋಣೆಗಳಿಗೆ ಕಂಬಿ ಬಿತ್ತು. ಸಂವಿಧಾನದ 21ನೇ ವಿಧಿಯ ರಕ್ಷಣೆ ನಾಗರಿಕರಿಗಷ್ಟೇ ಸೀಮಿತವಲ್ಲ, ಈ ನೆಲದ ಮೇಲೆ ಉಸಿರಾಡುವ ಪ್ರತಿಯೊಬ್ಬರಿಗೂ ಇದೆ ಎಂಬುದನ್ನು ಕಾನೂನು ಓದಿದವರೂ ಹೇಳಲು ಹಿಂಜರಿಯುವ ಕಾಲ ಬಂದಿದೆ.

ಗುಂಪಿಗೆ ಬಲಿಯಾದವನಿಂದಲೂ ಇಲ್ಲಿ ನಡತೆ ಪತ್ರ ಕೇಳುತ್ತಾರೆ. 2025ರ ಏಪ್ರಿಲ್ 27ರಂದು ಮಂಗಳೂರಿನ ಕುಡುಪುವಿನಲ್ಲಿ ಕ್ರಿಕೆಟ್ ಪಂದ್ಯ ನಡೆಯುತ್ತಿದ್ದ ಕಡೆ ಕೇರಳದ ವಯನಾಡಿನ ಒಬ್ಬ ಮನುಷ್ಯನನ್ನು ಗುಂಪು ಹೊಡೆದು ಕೊಂದಿತು. ಗುಜರಿ ಆಯುತ್ತಿದ್ದವನು, ಮಾನಸಿಕ ಅಸ್ವಸ್ಥತೆಯಿತ್ತು ಎಂದು ಮನೆಯವರು ಹೇಳಿದರು. ಪೊಲೀಸರು ಮೊದಲು ದಾಖಲಿಸಿದ್ದು ಅಸಹಜ ಸಾವು. ಮೈಮೇಲಿನ ಗಾಯಗಳು ಮಾತಾಡಿದ ಮೇಲೆ ಕೊಲೆ ಪ್ರಕರಣವಾಯಿತು, ನಿರ್ಲಕ್ಷ್ಯ ತೋರಿದ ಪೊಲೀಸರ ಅಮಾನತಾಯಿತು. ಅಷ್ಟರಲ್ಲಿ ಅವನು ಪಾಕಿಸ್ತಾನದ ಪರ ಘೋಷಣೆ ಕೂಗಿದನಂತೆ ಎಂಬ ಮಾತು ಹಬ್ಬಿತ್ತು, ಗೃಹ ಸಚಿವ ಜಿ. ಪರಮೇಶ್ವರ ಅವರೂ ಸುದ್ದಿಗಾರರ ಮುಂದೆ ಅದನ್ನು ಪ್ರಸ್ತಾಪಿಸಿದರು. ಒಂದು ವೇಳೆ ಕೂಗಿದ್ದನೇ ಅನ್ನಿ. ಘೋಷಣೆಗೆ ಈ ದೇಶದಲ್ಲಿ ಮರಣದಂಡನೆ ಇದೆಯೇ? ಇದ್ದರೆ, ಅದನ್ನು ಜಾರಿ ಮಾಡುವ ಅಧಿಕಾರ ಕ್ರಿಕೆಟ್ ನೋಡಲು ಬಂದವರಿಗೆ ಕೊಟ್ಟವರು ಯಾರು?

ಸರ್ಕಾರಕ್ಕೆ ಕೆಲಸ ಮಾಡಲು ಬರುವುದಿಲ್ಲ ಎಂದಲ್ಲ. 2025ರ ಜೂನ್ 4ರಂದು ಚಿನ್ನಸ್ವಾಮಿ ಕ್ರೀಡಾಂಗಣದ ಹೊರಗಿನ ಕಾಲ್ತುಳಿತದಲ್ಲಿ ಹನ್ನೊಂದು ಜನ ಸತ್ತರು, ಹೆಚ್ಚಿನವರು ಎಳೆಯರು. ಮರುದಿನವೇ ನಗರ ಪೊಲೀಸ್ ಆಯುಕ್ತರ ಅಮಾನತು. 10 ಲಕ್ಷದ ಪರಿಹಾರ ಕೆಲವೇ ದಿನಗಳಲ್ಲಿ 25 ಲಕ್ಷಕ್ಕೆ ಏರಿತು. ನ್ಯಾಯಾಂಗ ಆಯೋಗ ರಚನೆಯಾಯಿತು. ಅದರ ಹೊಣೆ ಹೊತ್ತವರು ಅದೇ ಜಾನ್ ಮೈಕಲ್ ಕುನ್ಹಾ ಅವರು. ಮುಂದಿನ ತಿಂಗಳೇ ವರದಿಯೂ ಸರ್ಕಾರದ ಕೈ ಸೇರಿತು. ಸತ್ತವರಲ್ಲಿ ಟಿಕೆಟ್ ಯಾರ ಬಳಿ ಇತ್ತು, ಗೇಟು ತಳ್ಳಿದವರು ಯಾರು ಎಂದು ಪರಿಹಾರ ತಡೆಹಿಡಿಯಲಿಲ್ಲ. ಸತ್ತವರನ್ನು ಆರೋಪಿಗಳ ಪಟ್ಟಿಗೆ ಸೇರಿಸಲಿಲ್ಲ. ಹಾಗೆಯೇ ಆಗಬೇಕು. ಆ ಮಕ್ಕಳ ಮನೆಯವರಿಗೆ ಸಿಕ್ಕಿದ್ದರಲ್ಲಿ ಒಂದು ಕೂದಲೆಳೆಯಷ್ಟೂ ಹೆಚ್ಚಿಲ್ಲ. ನನ್ನ ಬೇಡಿಕೆ ಇಷ್ಟೇ: ಚಿನ್ನಸ್ವಾಮಿಯಲ್ಲಿ ಕೆಲವೇ ವಾರಗಳಲ್ಲಿ ಸಾಧ್ಯವಾದದ್ದು ಬಂದರು ಪ್ರದೇಶದಲ್ಲಿ, ಚಾಮರಾಜನಗರದಲ್ಲಿ, ತುಮಕೂರಿನಲ್ಲಿ, ಸೋಮಸುಂದರಪಾಳ್ಯದಲ್ಲಿ ಸಾಧ್ಯವಾಗಬೇಕು.

ಅದಕ್ಕೆ ಬೇಕಾದ್ದು ಕಣ್ಣೀರಲ್ಲ, ಕಾನೂನು. ಪೊಲೀಸ್ ಗುಂಡಿಗೆ, ಕಸ್ಟಡಿಯಲ್ಲಿ, ಮ್ಯಾನ್‌ಹೋಲಿನಲ್ಲಿ, ಚಿಕಿತ್ಸೆ ನಿರಾಕರಿಸಿದ ಆಸ್ಪತ್ರೆಯ ಬಾಗಿಲಲ್ಲಿ ಸತ್ತ ಪ್ರತಿಯೊಬ್ಬರ ಕುಟುಂಬಕ್ಕೂ ಒಂದೇ ಮೊತ್ತದ ಪರಿಹಾರ ನಿಗದಿತ ದಿನಗಳೊಳಗೆ ತಾನಾಗಿ ಸಿಗಬೇಕು, ಮುಖ್ಯಮಂತ್ರಿಯ ವಿವೇಚನೆಗೆ ಬಿಡಬಾರದು. ಗುಂಡು ಹಾರಿಸಿದ ಇಲಾಖೆಯೇ ತನಿಖೆ ಮಾಡುವುದು ನಿಲ್ಲಬೇಕು. ಸತ್ತವರನ್ನು ಎಫ್‌ಐಆರ್‌ನಲ್ಲಿ ಆರೋಪಿಗಳನ್ನಾಗಿಸಿ ಪರಿಹಾರ ತಡೆಯುವ ಪದ್ಧತಿಯನ್ನು ಶಾಸನದಲ್ಲೇ ನಿಷೇಧಿಸಬೇಕು. ಗೋಲಿಬಾರ್‌ಗಳ ವಿಚಾರಣಾ ವರದಿಗಳೆಲ್ಲ ಕನ್ನಡದಲ್ಲಿ ಸದನದ ಮುಂದೆ ಬರಬೇಕು, ಸಂತೆಗೆ ಹೋಗುವವನೂ ಓದುವಂತೆ. ಕಾರ್ಡಿಲ್ಲವೆಂದು ರೋಗಿಯನ್ನು ಹೊರಗೆ ಕಳಿಸುವುದು ಅಮಾನತಿನಲ್ಲಿ ಮುಗಿಯಬಾರದು, ಜೈಲಿನ ಅಪರಾಧವಾಗಬೇಕು.

ಜಯನಗರ, ಬಸವನಗುಡಿ, ಪದ್ಮನಾಭನಗರ, ಬಿ.ಟಿ.ಎಂ. ಲೇಔಟ್, ಬೊಮ್ಮನಹಳ್ಳಿಯ ಮತದಾರರೇ, ನಿಮ್ಮ ಶಾಸಕರೂ ಸಂಸದರೂ ನಿಮ್ಮ ಬಡಾವಣೆಯ ಸಭೆಗಳಿಗೆ ಬರುತ್ತಾರೆ. ರಸ್ತೆಗುಂಡಿಯ ಬಗ್ಗೆ, ಕಾವೇರಿ ನೀರಿನ ಬಗ್ಗೆ ಕೇಳುತ್ತೀರಿ. ಅದೇ ಸಭೆಯಲ್ಲಿ ಎದ್ದು ನಿಂತು ಇನ್ನೊಂದು ಪ್ರಶ್ನೆ ಕೇಳಿ: ಸರ್ಕಾರದ ಕೈಯಲ್ಲಿ ಸತ್ತವರಿಗೆಲ್ಲ ಒಂದೇ ಕಾನೂನು ತರುವ ಮಸೂದೆಯನ್ನು ಮುಂದಿನ ಅಧಿವೇಶನದಲ್ಲಿ ಮಂಡಿಸುತ್ತೀರಾ, ಇಲ್ಲವಾ? ಹೌದು ಅಥವಾ ಇಲ್ಲ ಎಂದು ಹೇಳುವವರೆಗೆ ಅವರನ್ನು ಕುರ್ಚಿಯಿಂದ ಏಳಲು ಬಿಡಬೇಡಿ.